ಗುಡ್ಡದ ಹಾದಿಗೆ ಇನ್ನೊಂದು ದಾರಿ

ಆಯುರ್ವೇದದಲ್ಲಿ ಔಷಧಕ್ಕೆ ಇರುವಷ್ಟೇ ಮಹತ್ತ್ವ ಅನುಪಾನಕ್ಕೂ ಇದೆ. ಔಷಧವನ್ನು ಹೊತ್ತುಕೊಂಡು ದೇಹದೊಳಕ್ಕೆ ಹೋಗುವ ಜೇನು, ತುಪ್ಪ, ಹಾಲು, ಬಿಸಿನೀರು ಇವೇ ಅನುಪಾನಗಳು. ಚೂರ್ಣ ಒಂದೇ ಆದರೂ ಕಫಪ್ರಕೃತಿಯವರಿಗೆ ಜೇನಿನೊಡನೆ, ಪಿತ್ತಪ್ರಕೃತಿಯವರಿಗೆ ತುಪ್ಪದೊಡನೆ ಕೊಡುವುದುಂಟು. ಅನುಪಾನ ತಪ್ಪಿದರೆ ಔಷಧ ಎಷ್ಟು ಶ್ರೇಷ್ಠವಾಗಿದ್ದರೂ ನಿರೀಕ್ಷಿಸಿದ ಫಲ ಕೈಗೂಡುವುದಿಲ್ಲ. ಈ ಮಾತು ವ್ಯಾಯಾಮಕ್ಕೂ ಸಲ್ಲುತ್ತದೆ. ವ್ಯಾಯಾಮ ಮಾಡುವ ಸ್ಥಳಕ್ಕೆ ನಮ್ಮನ್ನು ಕರೆದೊಯ್ಯುವ ದಾರಿಯೇ ಅದರ ಅನುಪಾನ. ಆ ದಾರಿಯನ್ನು ಆರಿಸಿಕೊಳ್ಳುವ ವಿಚಾರವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಈಚಿನ ವರ್ಷಗಳಲ್ಲಿ ಗುಡ್ಡಗಾಡಿನ ಸೈಕಲ್ ಸವಾರಿ ಯುವಜನರನ್ನು ಬಹುವಾಗಿ ಸೆಳೆಯುತ್ತಿದೆ. ದಪ್ಪ ಟೈರಿನ, ಏರು ಹತ್ತಲು ಹಗುರ ಗೇರುಗಳಿರುವ ‘ಮೌಂಟನ್ ಬೈಕ್’ ಎಂಬ ಸೈಕಲ್ಲನ್ನೇರಿ ಕಲ್ಲು, ಮಣ್ಣು, ಬೇರುಗಳ ಕಾಲುದಾರಿಯಲ್ಲಿ ಸಾಗುವುದೇ ಈ ಸವಾರಿ. ಇಂತಹ ಕಾಲುದಾರಿಗಳ ಜಾಲವನ್ನು ಸವಾರರು ‘ಟ್ರೇಲ್’ ಎಂದು ಕರೆಯುತ್ತಾರೆ. ಶ್ರೀಮಠದ ಭಕ್ತ ಕುಟುಂಬಗಳ ಎಷ್ಟೋ ಮಕ್ಕಳು ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕೆಲವರು ಈ ಸೈಕಲ್ಲು ಕೊಂಡಿದ್ದಾರೆ. ಅವರ ತಂದೆತಾಯಂದಿರು ನಮ್ಮಲ್ಲಿಗೆ ಬಂದು, “ಮಗ ಬೆಳಗಿನ ಜಾವಕ್ಕೇ ಎದ್ದು ಗುಡ್ಡಕ್ಕೆ ಹೋಗುತ್ತಾನೆ ಡಾಕ್ಟರೇ, ಬೇಡವೆನ್ನಬೇಕೋ ಇರಲಿ ಎನ್ನಬೇಕೋ?” ಎಂದು ಕೇಳುತ್ತಾರೆ. ನಾವು ಅವರಿಗೆ ಮರುಪ್ರಶ್ನೆಯೊಂದನ್ನು ಹಾಕುತ್ತೇವೆ: “ಗುಡ್ಡಕ್ಕೆ ಹೋಗುವುದು ಯಾವ ದಾರಿಯಿಂದ?”

ತುರಹಳ್ಳಿಯ ಗುಡ್ಡ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕನಕಪುರ ರಸ್ತೆಗೂ ಬನಶಂಕರಿ ಆರನೆಯ ಹಂತದ ಬಡಾವಣೆಗೂ ನಡುವೆ ತುರಹಳ್ಳಿ ಅರಣ್ಯವಿದೆ. ಸುತ್ತಲೂ ಮನೆಗಳೂ ಬಹುಮಹಡಿ ಕಟ್ಟಡಗಳೂ ಒತ್ತಿಕೊಂಡು ಬಂದಿದ್ದರೂ ಕುರುಚಲು ಗಿಡಗಳು, ಹುಲ್ಲು, ದೊಡ್ಡ ದೊಡ್ಡ ಬಂಡೆಗಳು ಅಲ್ಲಿ ಉಳಿದುಕೊಂಡಿವೆ. ಬಂಡೆ ಹತ್ತುವವರೂ ನಡೆಯುವವರೂ ಗುಡ್ಡಗಾಡು ಸೈಕಲ್ಲಿನ ಸವಾರರೂ ಬಹುಕಾಲದಿಂದ ಬರುತ್ತಿರುವ ತಾಣವಿದು. ನವಿಲಿನ ಕೂಗು ಕೇಳುತ್ತಿರುತ್ತದೆ. ಚಿರತೆಯ ಸಂಚಾರದ ಸುದ್ದಿಯೂ 2022ರಲ್ಲಿ ಬಂದಿತ್ತು. ಇಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಯನ್ನು 2021ರ ಆರಂಭದಲ್ಲಿ ಸುತ್ತಲಿನ ನಿವಾಸಿಗಳು ವಿರೋಧಿಸಿದರು. ಕುರುಚಲು ಕಾಡನ್ನು ಅದು ಇದ್ದಂತೆಯೇ ಉಳಿಸಬೇಕೆಂಬುದು ಅವರ ಬೇಡಿಕೆಯಾಗಿತ್ತು. ನಗರದ ಅಂಚಿನಲ್ಲಿ ಉಳಿದಿರುವ ಇಂತಹ ಹಸಿರನ್ನು ಜನ ಎಷ್ಟು ಹಚ್ಚಿಕೊಂಡಿದ್ದಾರೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ನಗರದೊಳಗಿನಿಂದ ಅಲ್ಲಿಗೆ ನೇರವಾಗಿ ಕರೆದೊಯ್ಯುವುದು ಕನಕಪುರ ರಸ್ತೆ. ಬೆಳಗಿನ ಜಾವದಲ್ಲಿ ತರಕಾರಿ ಹೊತ್ತ ವಾಹನಗಳು, ಜಲ್ಲಿ ಮರಳಿನ ಲಾರಿಗಳು, ದೂರದೂರಿನ ಬಸ್ಸುಗಳು ಇದೇ ರಸ್ತೆಯಲ್ಲಿ ವೇಗವಾಗಿ ಸಾಗುತ್ತವೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋ ಸಂಚಾರ ಆರಂಭವಾದ ಬಳಿಕ ನಿಲ್ದಾಣಗಳ ಮುಂದೆ ಆಟೋಗಳೂ ಬಸ್ಸುಗಳೂ ಎಡಕ್ಕೆ ಸರಿದು ನಿಲ್ಲುತ್ತವೆ. ಸೈಕಲ್ಲಿನವನಿಗೆ ಉಳಿಯುವುದೂ ಅದೇ ಎಡಬದಿ. ನಿಂತ ವಾಹನವನ್ನು ಬಳಸಿ ಹೋಗಲು ಅವನು ಬಲಕ್ಕೆ ಹೊರಳಿದ ಗಳಿಗೆಯಲ್ಲಿ ಹಿಂದಿನಿಂದ ಲಾರಿ ಬಂದಿರುತ್ತದೆ.

ಗುಡ್ಡದಲ್ಲಿ ಬೀಳದವನು ರಸ್ತೆಯಲ್ಲಿ ಬಿದ್ದ

ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ತರುಣನೊಬ್ಬನ ವಿಷಯವನ್ನು ಇಲ್ಲಿ ಹೇಳಬೇಕು. ವಯಸ್ಸು ಇಪ್ಪತ್ತಾರು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಉದ್ಯೋಗ. ಅಜೀರ್ಣ, ಸೊಂಟನೋವು, ಏರುತ್ತಿರುವ ತೂಕ, ರಾತ್ರಿ ನಿದ್ರೆಯಿಲ್ಲ. ದೀಪನ ಪಾಚನದ ಔಷಧದೊಡನೆ ನಿತ್ಯ ವ್ಯಾಯಾಮವನ್ನೂ ಸೂಚಿಸಿದೆವು. ನಡಿಗೆ ಅವನಿಗೆ ರುಚಿಸಲಿಲ್ಲ. ಗೆಳೆಯರೊಡನೆ ತುರಹಳ್ಳಿಯ ಸೈಕಲ್ ಸವಾರಿ ರುಚಿಸಿತು. ಆರು ತಿಂಗಳಲ್ಲಿ ಹಸಿವು ಚೆನ್ನಾಯಿತು, ನಿದ್ರೆ ಬಂತು, ಔಷಧದ ಪ್ರಮಾಣವನ್ನು ನಾವೇ ಇಳಿಸಿದೆವು.

ಒಂದು ಭಾನುವಾರ ಇನ್ನೂ ಬೆಳಕು ಹರಿಯುವ ಮುನ್ನ ಸರಕಿನ ವಾಹನವೊಂದು ಅವನ ಪಕ್ಕದಲ್ಲೇ ಉಜ್ಜಿದಂತೆ ಹಾದುಹೋಯಿತು. ಹ್ಯಾಂಡಲ್ ಅಲುಗಿ ಎಡಕ್ಕೆ ಬಿದ್ದ, ಕೊರಳೆಲುಬು ಮುರಿಯಿತು. ಅಷ್ಟು ತಿಂಗಳು ಬಂಡೆಗಳ ಮೇಲೆ ಸೈಕಲ್ಲು ಓಡಿಸಿದಾಗ ಅವನಿಗೆ ಒಂದು ತರಚುಗಾಯವೂ ಆಗಿರಲಿಲ್ಲ. ಅವನ ತಾಯಿ, “ಸೈಕಲ್ಲನ್ನು ಮಾರಿಬಿಡಲಿ” ಎಂದು ಪಟ್ಟು ಹಿಡಿದರು. ಹೆತ್ತ ಕರುಳಿನ ಆ ಭಯ ಸಹಜವೇ. ಆದರೆ ಸೈಕಲ್ಲು ಹೋದರೆ ಅದರೊಡನೆ ಹಸಿವು, ನಿದ್ರೆ, ಉತ್ಸಾಹಗಳೂ ಹೋಗುತ್ತವೆಂಬುದನ್ನು ನಾವು ಬಲ್ಲೆವು. ಮೂಳೆ ಕೂಡಿಕೊಳ್ಳಲು ಹೇಗೂ ಕೆಲವು ವಾರ ಬೇಕು. ಆ ಅವಧಿಯಲ್ಲಿ ಸವಾರಿ ಸಾಧ್ಯವಿಲ್ಲ, ನಡಿಗೆ ಸಾಧ್ಯ. ಮೂಳೆ ತಜ್ಞರ ಸಮ್ಮತಿ ಪಡೆದು, ಕೈಯನ್ನು ಜೋಳಿಗೆಪಟ್ಟಿಯಲ್ಲಿ ತೂಗಿಹಾಕಿಕೊಂಡೇ ಅವನು ಬೆಳಗಿನ ನಡಿಗೆಗೆ ನಮ್ಮ ಜೊತೆಗೂಡಿದ. ಅವನ ಇಬ್ಬರು ಗೆಳೆಯರೂ ಬಂದರು. ಗುಡ್ಡಕ್ಕೆ ಬೇರೊಂದು ದಾರಿಯನ್ನು ಹೀಗೆ ನಡೆದೇ ಹುಡುಕಿದೆವು.

ಹುಡುಕಾಟದ ಕ್ರಮ

ಮೊಬೈಲಿನ ನಕ್ಷೆ ಸಾಮಾನ್ಯವಾಗಿ ಬೇಗ ತಲುಪುವ ದಾರಿಯನ್ನು ತೋರಿಸುತ್ತದೆ. ಆರೋಗ್ಯಕ್ಕಾಗಿ ಹೊರಟವನಿಗೆ ಬೇಕಾದದ್ದು ಸುರಕ್ಷಿತವಾಗಿ ತಲುಪುವ ದಾರಿ. ಇವೆರಡೂ ಬಹಳ ಸಲ ಒಂದೇ ಆಗಿರುವುದಿಲ್ಲ. ಆಕಾಶದಿಂದ ತೆಗೆದ ಚಿತ್ರದಲ್ಲಿ ಬಿಳಿಯ ಗೆರೆಯಂತೆ ಕಾಣುವ ಕಾಲುದಾರಿಗೆ ನಡುವೆ ಬೀಗ ಹಾಕಿದ ಗೇಟು ಇದೆಯೇ, ಅದು ಯಾರದೋ ತೋಟವೇ, ಮಳೆಗಾಲದಲ್ಲಿ ಅಲ್ಲಿ ಹಳ್ಳ ಹರಿಯುತ್ತದೆಯೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ನಕ್ಷೆಯನ್ನು ಮೊದಲ ಹೆಜ್ಜೆಗೆ ಮಾತ್ರ ಬಳಸಿದೆವು. ಮೂರು ದಾರಿಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು ಒಂದೊಂದು ಭಾನುವಾರ ಒಂದೊಂದನ್ನು ಪರೀಕ್ಷಿಸಿದೆವು.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸಬೇಕೆಂದು ನಮ್ಮ ಶಾಸ್ತ್ರ ಹೇಳುತ್ತದೆ. ದಾರಿಗೂ ಇದೇ ತ್ರಿವಿಧ ಪರೀಕ್ಷೆ ಸಾಕು.

ದರ್ಶನವೆಂದರೆ ಕಣ್ಣಾರೆ ನೋಡುವುದು. ಸವಾರಿ ಬೆಳಗ್ಗೆ ಆರು ಗಂಟೆಗಿದ್ದರೆ ದಾರಿಯನ್ನು ನೋಡಬೇಕಾದದ್ದೂ ಅದೇ ಹೊತ್ತಿಗೆ. ಮಧ್ಯಾಹ್ನ ಶಾಂತವಾಗಿರುವ ರಸ್ತೆ ಬೆಳಗ್ಗೆ ಲಾರಿಗಳಿಂದ ತುಂಬಿರಬಹುದು. ಒಂದು ಕಡೆ ಹತ್ತು ನಿಮಿಷ ನಿಂತು ಭಾರಿ ವಾಹನಗಳನ್ನು ಎಣಿಸಿದೆವು. ಬೀದಿದೀಪ ಎಲ್ಲಿ ಉರಿಯುವುದಿಲ್ಲ, ಬೀದಿನಾಯಿಗಳ ಗುಂಪು ಎಲ್ಲಿ ಮಲಗಿರುತ್ತದೆ, ಬಲಕ್ಕೆ ತಿರುಗಬೇಕಾದ ಕಡೆಗಳೆಷ್ಟು ಎಂಬುದನ್ನು ಬರೆದುಕೊಂಡೆವು. ಎಡಬದಿಯ ಸಂಚಾರವಿರುವ ನಮ್ಮ ದೇಶದಲ್ಲಿ ಸೈಕಲ್ ಸವಾರನಿಗೆ ಎಡತಿರುವಿಗಿಂತ ಬಲತಿರುವು ಹೆಚ್ಚು ಅಪಾಯದ್ದು, ಏಕೆಂದರೆ ಅವನು ವಾಹನಗಳ ಸಾಲನ್ನು ಅಡ್ಡಹಾಯಬೇಕಾಗುತ್ತದೆ. ನಾಲ್ಕು ಬಲತಿರುವುಗಳಿರುವ ಹತ್ತಿರದ ದಾರಿಗಿಂತ ಒಂದೇ ಬಲತಿರುವಿನ ದೂರದ ದಾರಿ ಲೇಸು.

ಸ್ಪರ್ಶನವೆಂದರೆ ನೆಲದ ಸ್ವಭಾವವನ್ನು ಕಾಲಿನಿಂದಲೇ ಅರಿಯುವುದು. ಏರು ಎಷ್ಟಿದೆ? ನೂರು ಮೀಟರ್ ಸಾಗುವುದರಲ್ಲಿ ಎಂಟು ಹತ್ತು ಮೀಟರ್ ಮೇಲೇರುವ ದಾರಿ ಹೊಸಬರ ಮೊಣಕಾಲಿಗೂ ಉಸಿರಿಗೂ ಕಠಿಣವಾಗುತ್ತದೆ. ಗುಡ್ಡ ತಲುಪುವ ಮುನ್ನವೇ ಶಕ್ತಿಯೆಲ್ಲ ವೆಚ್ಚವಾದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಕೈ ನಡುಗುತ್ತದೆ. ರಸ್ತೆಯ ಅಂಚಿನಲ್ಲಿ ಸಡಿಲ ಜಲ್ಲಿ ಇದೆಯೇ, ಚರಂಡಿಯ ಮುಚ್ಚಳ ಒಡೆದಿದೆಯೇ, ಉಬ್ಬುಗಳಿಗೆ ಬಿಳಿಯ ಗುರುತಿದೆಯೇ ಎಂಬುದನ್ನು ನಡೆಯುವವನು ಕಾಣುವಷ್ಟು ಕಾರಿನಲ್ಲಿ ಹೋಗುವವನು ಕಾಣಲಾರ.

ಪ್ರಶ್ನವೆಂದರೆ ಅಲ್ಲಿಯವರನ್ನು ಕೇಳುವುದು. ಹಾಲು ಹಾಕುವವರು, ಪತ್ರಿಕೆ ಹಂಚುವ ಹುಡುಗರು, ಪೌರಕಾರ್ಮಿಕರು ಇವರು ಬೆಳಗಿನ ಬೀದಿಗಳನ್ನು ಬಲ್ಲವರು. ನಮಗೆ ಉಪಯುಕ್ತವಾದ ದಾರಿಯನ್ನು ತೋರಿದ್ದು ನಕ್ಷೆಯಲ್ಲ, ಸೈಕಲ್ಲಿನಲ್ಲಿ ಹಾಲಿನ ಪೊಟ್ಟಣ ಹಂಚುವ ಹಿರಿಯರೊಬ್ಬರು. ಹೆದ್ದಾರಿಯನ್ನು ಬಿಟ್ಟು ಬಡಾವಣೆಗಳ ಒಳರಸ್ತೆಗಳಲ್ಲೇ ಬಹುದೂರ ಸಾಗಬಹುದೆಂದು ಅವರು ವಿವರಿಸಿದರು. ಯಾವ ತಿರುವಿನಲ್ಲಿ ನಾಯಿಗಳಿವೆ ಎಂಬುದನ್ನೂ ಹೇಳಿದರು. ಒಟ್ಟು ದೂರ ಎರಡು ಕಿಲೋಮೀಟರಿನಷ್ಟು ಹೆಚ್ಚಿತು, ಸಮಯ ಹದಿನೈದು ನಿಮಿಷದಷ್ಟು. ಆದರೆ ಕನಕಪುರ ರಸ್ತೆಯ ಸಹವಾಸ ಒಂದು ಬಾರಿ ಅದನ್ನು ದಾಟುವುದಕ್ಕಷ್ಟೇ ಸೀಮಿತವಾಯಿತು. ಅದೂ ಸಿಗ್ನಲ್ ದೀಪವಿರುವ ಕಡೆ, ಸೈಕಲ್ಲಿನಿಂದಿಳಿದು ತಳ್ಳಿಕೊಂಡು.

ಬೇಲಿಯ ಕಿಂಡಿ ದಾರಿಯಲ್ಲ

ಹುಡುಕಾಟದ ನಡುವೆ ಇನ್ನೂ ಹತ್ತಿರದ ದಾರಿಯೊಂದು ಕಣ್ಣಿಗೆ ಬಿತ್ತು. ಅರಣ್ಯದ ಬೇಲಿಯಲ್ಲಿ ಯಾರೋ ತಂತಿಯನ್ನು ಬಗ್ಗಿಸಿ ಮಾಡಿದ ಕಿಂಡಿ. ತರುಣರಿಗೆ ಆಸೆಯಾಯಿತು, ಅಲ್ಲಿಂದ ನುಸುಳಿದರೆ ಹತ್ತು ನಿಮಿಷ ಉಳಿಯುತ್ತಿತ್ತು. ನಾವು ಒಪ್ಪಲಿಲ್ಲ. ಅರಣ್ಯದೊಳಕ್ಕೆ ಪ್ರವೇಶ ಇಲಾಖೆಯ ನಿಯಮಕ್ಕೆ ಒಳಪಟ್ಟದ್ದು. ಗೇಟಿನಲ್ಲಿರುವ ಕಾವಲುಗಾರರನ್ನು ಕಂಡು, ಅಂದು ಸೈಕಲ್ಲಿಗೆ ಅವಕಾಶವಿದೆಯೇ, ಎಷ್ಟು ಹೊತ್ತಿನವರೆಗೆ, ಯಾವ ಹಾದಿಯಲ್ಲಿ ಎಂದು ಕೇಳಿಯೇ ಒಳಗೆ ಹೋಗಬೇಕು. ‘ಇಂದು ಇಲ್ಲ’ ಎಂದರೆ ನಮಸ್ಕರಿಸಿ ಹಿಂದಿರುಗಬೇಕು. ಚಿರತೆಯ ಸುಳಿವು ಸಿಕ್ಕಿದೆ, ಬೇಸಿಗೆಯಲ್ಲಿ ಬೆಂಕಿಯ ಭಯವಿದೆ ಎಂಬ ಸಂಗತಿಗಳು ಗೇಟಿನವರಿಗೆ ತಿಳಿದಿರುತ್ತವೆ. ಕಿಂಡಿಯಿಂದ ನುಸುಳಿದವನಿಗೆ ಅದಾವುದೂ ತಿಳಿಯುವುದಿಲ್ಲ. ಅವನು ಒಳಗೆ ಬಿದ್ದರೆ ಅಲ್ಲಿರುವನೆಂಬುದೂ ಯಾರಿಗೂ ಗೊತ್ತಿರುವುದಿಲ್ಲ.

ಈ ವಿಷಯದಲ್ಲಿ ಅಮೆರಿಕೆಯ ಅನುಭವ ನಮಗೆ ಪಾಠವಾಗಬಲ್ಲದು. ಗುಡ್ಡಗಾಡು ಸೈಕಲ್ಲಿನ ತೊಟ್ಟಿಲೆನಿಸಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳು. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಬಳಿ 1976ರ ಅಕ್ಟೋಬರ್ 21ರಂದು ಹಳೆಯ ಸೈಕಲ್ಲುಗಳ ಇಳಿಜಾರಿನ ಪಂದ್ಯವೊಂದು ನಡೆಯಿತು. ‘ರೀಪ್ಯಾಕ್’ ಎಂಬುದು ಆ ಇಳಿಜಾರಿನ ಹೆಸರು. ಇಳಿಯುವ ರಭಸಕ್ಕೆ ಹಿಂಗಾಲಿಯ ಬ್ರೇಕಿನ ಗ್ರೀಸು ಸುಟ್ಟು ಹೋಗುತ್ತಿದ್ದುದರಿಂದ ಪ್ರತಿ ಸಲ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಸವಾರರ ಸಂಖ್ಯೆ ಬೆಳೆದಂತೆ ನಡೆಯುವವರಿಗೂ ಕುದುರೆ ಸವಾರರಿಗೂ ತೊಂದರೆಯಾಯಿತು. ಅಲ್ಲಿಯ ಟಮಲ್‌ಪೈಸ್ ಬೆಟ್ಟದ ಕಿರಿದಾದ ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ಅಗಲವಾದ ಹಾದಿಗಳಲ್ಲಿಯೂ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರಿನ ವೇಗಮಿತಿ ಬಂತು. ಇಂತಹ ನಿರ್ಬಂಧಗಳು ಹೆಚ್ಚಿದಾಗಲೇ, 1988ರಲ್ಲಿ, ಸವಾರರ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿಕೊಂಡಿತು. ತೆರೆದಿರುವ ಹಾದಿಯಲ್ಲಿ ಮಾತ್ರ ಸಾಗು, ಗುರುತು ಉಳಿಸಬೇಡ, ವೇಗ ಹಿಡಿತದಲ್ಲಿರಲಿ, ಇತರರಿಗೆ ದಾರಿ ಬಿಡು, ಪ್ರಾಣಿಗಳನ್ನು ಬೆದರಿಸಬೇಡ, ಸಿದ್ಧತೆಯಿಲ್ಲದೆ ಹೊರಡಬೇಡ ಎಂಬುದು ಆ ಸಂಘದ ನಿಯಮಗಳ ಸಾರ. ಒಮ್ಮೆ ಕಳೆದುಕೊಂಡ ವಿಶ್ವಾಸವನ್ನು ಮರಳಿ ಪಡೆಯಲು ದಶಕಗಳೇ ಬೇಕಾಗುತ್ತವೆ. ತುರಹಳ್ಳಿಯ ಗೇಟಿನಲ್ಲಿ ಕೇಳಿ ಹೋಗುವವನು ತನ್ನ ಹಿಂದೆ ಬರುವ ಹತ್ತು ಜನರಿಗೂ ದಾರಿ ಉಳಿಸಿದಂತೆ.

ಮಳೆ ಬಂದ ಮರುದಿನ ಮಣ್ಣಿನ ಹಾದಿಯಲ್ಲಿ ಸೈಕಲ್ಲು ಓಡಿಸಬಾರದು. ಟೈರು ಕೊರೆದ ಗೆರೆಯಲ್ಲಿ ನೀರು ಹರಿದು ಕೊರಕಲಾಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ, ಸವಾರನೂ ಜಾರುತ್ತಾನೆ. ಅಂದು ಮನೆಯಲ್ಲಿ ಸೂರ್ಯನಮಸ್ಕಾರ ಮಾಡಿದರೆ ಸಾಕು.

ಅರ್ಧಶಕ್ತಿಯ ನಿಯಮ

ದಾರಿ ಸಿಕ್ಕಿದ ಮೇಲೆ ಅದರಲ್ಲಿ ಎಷ್ಟು ಶ್ರಮಿಸಬೇಕೆಂಬ ಪ್ರಶ್ನೆ ಬರುತ್ತದೆ. ಬಲವಂತರೂ ಜಿಡ್ಡಿನಂಶವುಳ್ಳ ಆಹಾರವನ್ನು ಸೇವಿಸುವವರೂ ಚಳಿಗಾಲದಲ್ಲಿ ಹಾಗೂ ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಮಾಡಬೇಕು ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಮಾತನಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎಂಬಷ್ಟು ಉಸಿರಿರುವುದೇ ಮಧ್ಯಮ ಶ್ರಮವೆಂದು ಇಂದಿನ ವೈದ್ಯರು ಹೇಳುತ್ತಾರೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಇಂತಹ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಗುಡ್ಡಕ್ಕೆ ಹೋಗಿಬರುವ ಒಳರಸ್ತೆಯ ಸವಾರಿಯೇ ಇದರ ದೊಡ್ಡ ಪಾಲನ್ನು ಪೂರೈಸುತ್ತದೆ. ದಾರಿಯನ್ನು ಕೇವಲ ಕಳೆಯಬೇಕಾದ ಸಮಯವೆಂದು ಭಾವಿಸದೆ ವ್ಯಾಯಾಮದ ಅಂಗವೆಂದೇ ಎಣಿಸಬೇಕು.

ಅರ್ಧಶಕ್ತಿಯ ಲೆಕ್ಕದಲ್ಲಿ ಮರಳುವ ದಾರಿಯೂ ಸೇರಿದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಗುಡ್ಡದಲ್ಲೇ ದಣಿದವನು ಹಿಂದಿರುಗುವಾಗ ವಾಹನ ಸಂಚಾರ ಹೆಚ್ಚಿರುತ್ತದೆ, ಬಿಸಿಲೇರಿರುತ್ತದೆ, ನಗರದ ಕಡೆಗೆ ಮುಖ ಮಾಡಿದಾಗ ಮೂಡಣದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಇನ್ನೂ ಸ್ವಲ್ಪ ಓಡಿಸಬಹುದೆನಿಸುವಾಗಲೇ ಗುಡ್ಡದಿಂದ ಇಳಿಯಬೇಕು.

ಏರಿನಲ್ಲಿ ಏದುಸಿರು ಬಂದಾಗ ಗೆಳೆಯರ ಮುಂದೆ ಸಂಕೋಚಪಟ್ಟು ಉಸಿರನ್ನು ಬಿಗಿಹಿಡಿಯುವವರುಂಟು. ಶ್ರಮದಿಂದ ಬರುವ ಉಸಿರನ್ನು ಚರಕಾಚಾರ್ಯರು ತಡೆಯಬಾರದ ಹದಿಮೂರು ವೇಗಗಳಲ್ಲಿ ಒಂದೆಂದು ಗಣಿಸಿದ್ದಾರೆ. ತಡೆದರೆ ಹೃದಯಕ್ಕೆ ಬಾಧೆಯೆಂದೂ ಎಚ್ಚರಿಸಿದ್ದಾರೆ. ನಿಲ್ಲಬೇಕು, ಸೈಕಲ್ಲಿನಿಂದಿಳಿಯಬೇಕು, ಉಸಿರು ತಾನಾಗಿ ಶಾಂತವಾಗಲು ಬಿಡಬೇಕು. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು, ವೈದ್ಯರನ್ನು ಕಾಣಬೇಕು. ಅಜೀರ್ಣವಾಗಿರುವಾಗ, ಜ್ವರವಿರುವಾಗ, ನಿದ್ರೆಗೆಟ್ಟಾಗ ಹೊರಡಲೇಬಾರದು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಉಳ್ಳವರು ತಪಾಸಣೆ ಮಾಡಿಸಿಕೊಂಡೇ ಆರಂಭಿಸಬೇಕು.

ಸವಾರರು ನೆನಪಿಡಬೇಕಾದದ್ದು

ಹೆಲ್ಮೆಟ್ ಧರಿಸದೆ ಮನೆಯ ಗೇಟು ದಾಟಬಾರದು. ಕತ್ತಲಿರುವಾಗ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಉರಿಯುತ್ತಿರಬೇಕು. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಂತೆ ಸೀಟಿನ ಎತ್ತರವನ್ನು ಹೊಂದಿಸಿಕೊಂಡರೆ ಮೊಣಕಾಲ ನೋವು ಬರುವುದು ಕಡಿಮೆ. ಒಬ್ಬರೇ ಹೋಗದೆ ಇಬ್ಬರು ಮೂವರಾಗಿ, ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರಾಗಿ ಸಾಗಬೇಕು. ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು.

ಹೊಟ್ಟೆ ತುಂಬ ತಿಂದು ಹೊರಡುವುದೂ ತೀರ ಬರಿಹೊಟ್ಟೆಯಲ್ಲಿ ಹೊರಡುವುದೂ ಸರಿಯಲ್ಲ. ಒಂದು ಬಾಳೆಹಣ್ಣು, ಇಲ್ಲವೇ ಅರ್ಧ ಲೋಟ ರಾಗಿ ಅಂಬಲಿ ಸಾಕು. ದಾರಿಯಲ್ಲಿ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಬಂದ ಮೇಲೆ ಬೆವರು ಆರುವವರೆಗೆ ಕುಳಿತು, ಬಳಿಕ ಉಪ್ಪು ಜೀರಿಗೆ ಬೆರೆಸಿದ ಮಜ್ಜಿಗೆಯನ್ನೋ ಎಳನೀರನ್ನೋ ಸೇವಿಸಬಹುದು. ವಾರಕ್ಕೊಮ್ಮೆ ತೊಡೆ, ಮೀನಖಂಡ, ಸೊಂಟಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ ಮಾಡಿದರೆ ಶ್ರಮದಿಂದ ಕೆರಳಿದ ವಾತ ಶಮನವಾಗುತ್ತದೆ.

ಬಿದ್ದು ಗಾಯವಾದರೆ ಹರಿಯುವ ಶುದ್ಧ ನೀರಿನಿಂದ, ಸಾಬೂನಿನಿಂದ ತೊಳೆಯಬೇಕು. ಕಾಫಿಪುಡಿ, ಸುಣ್ಣ ಮೆತ್ತುವ ರೂಢಿಯನ್ನು ಬಿಡಬೇಕು. ಮಣ್ಣು ಸೇರಿದ ಗಾಯಕ್ಕೆ ಧನುರ್ವಾಯು ತಡೆಯ ಚುಚ್ಚುಮದ್ದು ಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಮಾತಿನ ತೊದಲು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು. ಹೊಸ ದಾರಿಯನ್ನು ಗೊತ್ತುಮಾಡುವಾಗಲೇ ಅದರ ಸಮೀಪ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಆಸ್ಪತ್ರೆ ಎಲ್ಲಿದೆ ಎಂಬುದನ್ನೂ ನೋಡಿಟ್ಟುಕೊಳ್ಳುವುದು ಒಳಿತು.

ತಂದೆತಾಯಂದಿರಿಗೆ ಒಂದು ಮಾತು

ಇಲ್ಲಿ ತುರಹಳ್ಳಿಯ ಉದಾಹರಣೆಯನ್ನು ಕೊಟ್ಟಿದ್ದರೂ ತ್ರಿವಿಧ ಪರೀಕ್ಷೆಯ ಕ್ರಮ ಯಾವ ಊರಿನ ಯಾವ ಗುಡ್ಡಕ್ಕೂ ಅನ್ವಯಿಸುತ್ತದೆ. ಮಕ್ಕಳು ಒಳ್ಳೆಯ ಹವ್ಯಾಸವೊಂದನ್ನು ಹಿಡಿದಾಗ ಭಯದಿಂದ ಅದನ್ನೇ ಕಿತ್ತುಹಾಕುವುದಕ್ಕಿಂತ ಭಯದ ಕಾರಣವನ್ನು ಹುಡುಕಿ ತೆಗೆಯುವುದು ಜಾಣತನ. ಮಗನೊಡನೆ, ಮಗಳೊಡನೆ ಒಂದು ಭಾನುವಾರ ಆ ದಾರಿಯಲ್ಲಿ ನಡೆದು ಬನ್ನಿ. ಎಲ್ಲಿ ಅಪಾಯವಿದೆ ಎಂಬುದು ನಿಮಗೂ ತಿಳಿಯುತ್ತದೆ, ನಿಮ್ಮ ಆತಂಕ ಅವರಿಗೂ ಅರ್ಥವಾಗುತ್ತದೆ. ಕೊರಳೆಲುಬು ಮುರಿದಿದ್ದ ಆ ತರುಣನ ತಾಯಿಯೂ ನಾಲ್ಕನೆಯ ವಾರ ನಮ್ಮೊಡನೆ ನಡೆದರು. ರಸ್ತೆ ದಾಟುವ ಸಿಗ್ನಲ್ಲನ್ನು ನೋಡಿ, ಒಳರಸ್ತೆಯ ಕೊನೆಯವರೆಗೂ ಬಂದು, “ಈ ದಾರಿಯಾದರೆ ಹೋಗಲಿ” ಎಂದರು. ಅವರು ಆ ಒಪ್ಪಿಗೆಗೆ ಒಂದು ಷರತ್ತನ್ನೂ ಸೇರಿಸಿದ್ದಾರೆ: ಬೆಳಕು ಹರಿದ ಮೇಲೆಯೇ ಹೊರಡಬೇಕು. ನಾವು ಬರೆಯುವ ಔಷಧಚೀಟಿಗಳಲ್ಲಿ ಈಗ ಅದನ್ನೂ ಸೇರಿಸುತ್ತಿದ್ದೇವೆ.